ಎರಡು ಮನೆಯಲ್ಲಿಟ್ಟ ಹಾಡುಗಳು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡ ಇದ್ದಾಗ ಮೈಕಿನವರ ಹೆಂಡತಿ, ಗಂಡ ಹೋದಮೇಲೆ ಟೇಪಮ್ಮ. ಟೇಪಮ್ಮ ಅಂದರೆ ಅವಳೂ ತಿರುಗಿ ನೋಡುತ್ತಿದ್ದಳು. ಕರೆದವರ ದನಿಯಲ್ಲಿ ತಮಾಷೆ ಇದ್ದರೂ ಅದರ ಅಡಿಯಲ್ಲಿ ಒಂದಿಷ್ಟು ಮರ್ಯಾದೆಯೂ ಇತ್ತು. ಆ ಮರ್ಯಾದೆ ಹೇಗೆ ಬಂತು, ಹೇಗೆ ಹೋಯಿತು ಅನ್ನುವುದೇ ಈ ಕತೆ.

ಗಂಡನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಸುಬು. ಮದುವೆಯಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಓಟಿನ ಭಾಷಣವಾಗಲಿ, ಕೈಗಾಡಿಯಲ್ಲಿ ಹಾರ್ನು, ಪೆಟ್ಟಿಗೆ, ವೈರಿನ ಸುರುಳಿ ಹೇರಿಕೊಂಡು ಹೋಗುತ್ತಿದ್ದ. ಎಲ್ಲರಿಗಿಂತ ಮೊದಲು ಹೋಗಿ ಎಲ್ಲರೂ ಎದ್ದಮೇಲೆ ಬರುವ ಕೆಲಸ. ಜನ ಸೇರುವ ಮುಂಚೆ ಮೈಕು ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ, ಬೇರೆಯವರಾದರೆ "ಹಲೋ ಹಲೋ, ಒನ್ ಟೂ ತ್ರೀ" ಅಂದು ಮುಗಿಸುತ್ತಿದ್ದರು. ಇವನ ದಾರಿಯೇ ಬೇರೆ. ಕುರ್ಚಿ ಜೋಡಿಸುವವನೋ, ನೆಲ ಗುಡಿಸುವವಳೋ, ಪಾತ್ರೆ ತೊಳೆಯಲು ಬಂದವಳೋ, ಯಾರು ಕೈಗೆ ಸಿಕ್ಕರೆ ಅವರನ್ನು ತಂದು ನಿಲ್ಲಿಸುತ್ತಿದ್ದ.

"ನಿಮಗೆ ಬರೋದು ಒಂದು ಹಾಡು ಹೇಳಿ, ಮೈಕ್ ನೋಡ್ಬೇಕು."

"ಅಯ್ಯೋ, ನನಗೆಲ್ಲಿ ಹಾಡು ಬರುತ್ತೆ ಬಿಡಿ ಸ್ವಾಮಿ!"

"ಬರದೇ ಇರೋದೇ ಹೇಳಿ. ಮೈಕಿಗೇನು ಗೊತ್ತಾಗುತ್ತೆ?"

ಹೀಗೆ ಚೇಷ್ಟೆ ಮಾಡಿ ಹಾಡಿಸುತ್ತಿದ್ದ. ಖಾಲಿ ಕುರ್ಚಿಗಳ ಮುಂದೆ ಅವರು ನಾಚಿಕೊಂಡು ಶುರು ಮಾಡಿ, ತಮ್ಮ ದನಿ ಅಷ್ಟು ದೊಡ್ಡದಾಗಿ ಗೋಡೆಗೆ ಬಡಿದು ತಿರುಗಿ ಬಂದದ್ದನ್ನು ಕೇಳಿ ನಕ್ಕು, ಮತ್ತೆ ಹಾಡುತ್ತಿದ್ದರು. ಅದಷ್ಟೂ ಟೇಪಿಗೆ ಹೋಗುತ್ತಿತ್ತು. ಆಮೇಲೆ ನಡೆದ ಭಾಷಣ, ಸಂಗೀತ ಯಾವುದೂ ಅವನಿಗೆ ಬೇಡ.

"ವೇದಿಕೆ ಹತ್ತೋರ ಹಾಡು ಎಲ್ಲರೂ ಹಿಡೀತಾರೆ ಕಣೇ. ಕಸ ಗುಡಿಸೋರದ್ದು ಯಾರು ಹಿಡೀತಾರೆ?" ಅನ್ನುತ್ತಿದ್ದ.

"ನೀವು ಹಿಡ್ಕೊಂಡು ಕೂತ್ಕೊಳಿ. ಟೇಪಿಗೆ ಹಾಕೋ ದುಡ್ಡಲ್ಲಿ ನನಗೊಂದು ಒಳ್ಳೆ ಚಪ್ಪಲಿ ಬರ್ತಿತ್ತು," ಅಂತ ಅವಳು ಗೊಣಗುತ್ತಿದ್ದಳು.

ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಗಂಡನ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ. ಅತ್ತೆ ಇರಲಿಲ್ಲ. ಅವನ ತಲೆ ತೊಳೆದದ್ದು, ಶಾಲೆಗೆ ಹೊರಡಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಇವಳೇ. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ "ಮೈದುನ ಇದಾನಲ್ಲ" ಅನ್ನುತ್ತಿದ್ದಳು, ಅದು ಬಾಯಿಮಾತಾಗಿರಲಿಲ್ಲ. ಅವನು ಅಣ್ಣನ ಹತ್ತಿರ ವೈರು ಬೆಸೆಯುವುದು ಕಲಿತ, ಆಮೇಲೆ ಕ್ಯಾಮೆರಾ ಹಿಡಿದ, ಮದುವೆ ವಿಡಿಯೋ ತೆಗೆಯುವವನಾದ. ಮದುವೆಯಾಗಿ ಮೂರು ಬೀದಿ ಆಚೆ ಮನೆ ಮಾಡಿದ. ಒಬ್ಬಳು ಮಗಳು, ಪುಟ್ಟಿ ಅಂತ ಕರೆಯುತ್ತಾರೆ, ಈಗ ಕಾಲೇಜು.

ಗಂಡ ಸತ್ತಮೇಲೆ ಒಂದು ದಿನ ಮಂಚದ ಅಡಿಯ ಟ್ರಂಕು ತೆಗೆದಳು. ಟೇಪುಗಳ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಒಂದನ್ನು ಒರೆಸಿ ಹಾಕಿದರೆ ಗರಗರ ಅಂದು, ಒಂದು ಹೆಂಗಸಿನ ನಗು, ಹಿಂದೆ ಗಂಡನ ದನಿ: "ಬಾಯಿಂದ ಕೈ ತೆಗೀರಮ್ಮ." ಅಷ್ಟು ಕೇಳುವುದರೊಳಗೆ ಟೇಪು ಸಿಕ್ಕಿಹಾಕಿಕೊಂಡು ತುಂಡಾಯಿತು. ಅವಳು ಮೈದುನನಿಗೆ ಹೇಳಿಕಳಿಸಿದಳು.

ಮೈದುನ ತನ್ನ ಹಳೇ ಕಂಪ್ಯೂಟರು ತಂದಿಟ್ಟು, ಟೇಪ್ ರೆಕಾರ್ಡರಿನಿಂದ ಅದಕ್ಕೆ ಒಂದು ವೈರು ಹಾಕಿಕೊಟ್ಟ. ಕೆಂಪು ಗುಂಡು ಒತ್ತಿದರೆ ಶುರು, ಚೌಕ ಒತ್ತಿದರೆ ನಿಲ್ಲುತ್ತದೆ. ಅವಳು ಓದಿದ್ದು ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿ ಕೂಡಿಸಿ ಓದುವಳು. ಆದರೆ ಒಂದು ಸಲ ಕಲಿತದ್ದರಲ್ಲಿ ತಪ್ಪುವವಳಲ್ಲ. ಟೇಪಿಗೆ ಅವಸರ ಇಲ್ಲ. ಒಂದು ಗಂಟೆಯ ಹಾಡು ಒಳಗೆ ಹೋಗಲು ಒಂದು ಗಂಟೆಯೇ ಬೇಕು. ಅವಳು ಪಕ್ಕದಲ್ಲಿ ಕೂತು, ದರ್ಜಿ ಕೊಟ್ಟ ಅಂಗಿಗಳಿಗೆ ಗುಂಡಿ ಹಾಕುತ್ತ ಕೇಳುತ್ತಿದ್ದಳು. ಮುಗಿದಮೇಲೆ ಹತ್ತಿಗೆ ಸ್ಪಿರಿಟು ಅದ್ದಿ, ಟೇಪು ಉಜ್ಜುವ ಜಾಗಕ್ಕೆ ಅಂಟಿದ ಕಂದು ಪುಡಿ ಒರೆಸುವುದು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಹೆಸರಿಡುವುದು. ಹಾಡಿದವರು ಯಾರೆಂದು ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಕೇಳಿದ ಹಾಗೆ ಬರೆಯುತ್ತಿದ್ದಳು. "ಕುರ್ಚಿಯವನು ಕೆಮ್ಮು ಇದೆ." "ಹಾಲಿನವಳು ಪದ ಮರೆತಳು." "ಯಾರೋ ಹೆಂಗಸು ಹಿಂದೆ ಮಗು ಅಳು."

ಆ ಕಂದು ಪುಡಿಯೇ ಹಾಡು ಅಂತ ಅವಳಿಗೆ ಬೇಗ ಗೊತ್ತಾಯಿತು. ಬೂಷ್ಟು ಹಿಡಿದ ಟೇಪುಗಳು ಒಂದು ಸಲ ಹಾಡುತ್ತಿದ್ದವು, ಎರಡನೇ ಸಲಕ್ಕೆ ಬರೀ ಸರಸರ. ಹಾಡಿ ಮುಗಿಸಿದ ಟೇಪುಗಳನ್ನು ಇಟ್ಟುಕೊಂಡು ಮಾಡುವುದೇನು? ಗುಜರಿಯವನಿಗೆ ಹಾಕಿದಳು.

ಮೈದುನ ಆಗ ಹೇಳಿದ್ದ: "ಅತ್ತಿಗೆ, ಒಂದೇ ಕಡೆ ಇಟ್ರೆ ಇಟ್ಟ ಹಾಗಲ್ಲ. ಈ ಕಂಪ್ಯೂಟರ್ ಇವತ್ತು ಇರುತ್ತೆ, ನಾಳೆ ಕಣ್ಣು ಮುಚ್ಚುತ್ತೆ. ಬೆಂಕಿ ಬಿದ್ರೆ? ನೀರು ನುಗ್ಗಿದ್ರೆ?"

"ಬಿಡ್ತು ಅನ್ನೋ."

"ಬಿಡ್ತು. ಅದಕ್ಕೇ ಹೇಳ್ತಿರೋದು. ನಿಮ್ಮ ಮನೇಲೊಂದು ಡಬ್ಬಿ, ನನ್ನ ಮನೇಲೊಂದು ಡಬ್ಬಿ. ನೀವು ಇಲ್ಲಿ ಹಾಕಿದ್ದು ನೆಟ್ಟಿನಲ್ಲಿ ತಾನೇತಾನಾಗಿ ಅಲ್ಲಿಗೂ ಬರುತ್ತೆ. ಕನ್ನಡಿ ಇದ್ದ ಹಾಗೆ."

ಅಂಗೈ ಅಗಲದ ಕಪ್ಪು ಡಬ್ಬಿ, ಮೂಲೆಯಲ್ಲೊಂದು ಸಣ್ಣ ನೀಲಿ ದೀಪ. ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನೆಲ್ಲ ಅವನು ಅದಕ್ಕೆ ಸಾಗಿಸಿದ. ಅವಳು ಮಾತನ್ನು ಹಾಗೇ ನಂಬಲಿಲ್ಲ. ತನ್ನ ಮನೆಯಲ್ಲಿ ಒಂದು ಹಾಡು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಅವನ ಮನೆಗೆ ನಡೆದು, ಅಲ್ಲಿ ಅದೇ ಹಾಡು ಕೇಳಿಸು ಅಂದಳು. ಕೇಳಿಸಿತು. ಕೆಮ್ಮೂ ಬಂತು. ಆವತ್ತಿನಿಂದ ಎದೆಯ ಮೇಲೆ ಕೈಯಿಟ್ಟು ಮಲಗಿದಳು. ಎರಡು ಮನೆ, ಒಂದೇ ಗಂಟು. ಅದೂ ಮೈದುನನ ಮನೆ ಅಂದರೆ ಬೇರೆಯವರ ಮನೆಯೇ?

ಸುದ್ದಿ ಬೀದಿಗೆ ಹಬ್ಬಿತು. ಮೊದಲು ಬಂದವನು ಟೀ ಅಂಗಡಿಯವನು. ಅವನ ತಾಯಿ ಛತ್ರದಲ್ಲಿ ಕಸ ಗುಡಿಸುತ್ತಿದ್ದವಳು, ಸತ್ತು ಎಷ್ಟೋ ಕಾಲವಾಗಿತ್ತು, ಒಂದು ಫೋಟೋ ಕೂಡ ಇರಲಿಲ್ಲ. ಬಾಗಿಲಲ್ಲೇ ನಿಂತು, "ನಮ್ಮಮ್ಮ ಏನಾದ್ರೂ ಅದರಲ್ಲಿ ಇದಾಳಾ?" ಅಂದ. ಇದ್ದಳು. ಟೇಪಮ್ಮ ಹಾಕಿದಳು. ಆ ಹೆಂಗಸು ಅರ್ಧ ಹಾಡಿ, "ಸಾಕು ಬಿಡಣ್ಣ, ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ, ಹುಡುಗ ಒಬ್ಬನೇ ಇದಾನೆ" ಅನ್ನುತ್ತಾಳೆ. ಆ ಹುಡುಗ ಈಗ ತಲೆ ನರೆತ ಗಂಡಸು, ನೆಲದ ಮೇಲೆ ಕೂತುಬಿಟ್ಟ. "ಇನ್ನೊಂದ್ಸಲ ಹಾಕಿ," ಅಂದ. ಆಮೇಲೆ ಅವನು ವಾರಕ್ಕೊಮ್ಮೆ ಬರುತ್ತಿದ್ದ, ಬರುವಾಗ ಒಂದು ಲೋಟ ಟೀ ಮುಚ್ಚಿ ತರುತ್ತಿದ್ದ.

ಬೇರೆಯವರೂ ಬಂದರು. ತಮ್ಮ ಮನೆಯ ಟೇಪುಗಳನ್ನು ತಂದರು: ಅಜ್ಜನ ದನಿ, ಮಗುವಿನ ಮೊದಲ ಮಾತು, ಪರದೇಶಕ್ಕೆ ಹೋದ ಅಣ್ಣ ಕಳಿಸಿದ ಮಾತಿನ ಟೇಪು. ಓದಿದವರ ಮನೆಯವರೂ ಅವಳ ಬಾಗಿಲಿಗೆ ಬಂದು, "ಟೇಪಮ್ಮ, ಜೋಪಾನ" ಅಂದು ಕೊಟ್ಟು ಹೋಗುತ್ತಿದ್ದರು. ಅವಳ ಬಾಳಿನಲ್ಲಿ ಅವಳ ಕೈಯನ್ನು ನಂಬಿ ಜನ ಏನನ್ನಾದರೂ ಕೊಟ್ಟದ್ದು ಅದೇ ಮೊದಲು.

ಆಮೇಲೆ ಆ ದಿನ ಬಂತು. ಬೆಳಿಗ್ಗೆ ಅವಳು ಒಂದು ಕೆಲಸಕ್ಕೆ ಬಾರದ ತುಂಡನ್ನು ತೆಗೆದುಹಾಕಿದ್ದಳು, ಬರೀ ಗುಂಯ್ ಅನ್ನುವುದು, ಹಾಡಿಲ್ಲ. ಊಟ ಮಾಡಿ ಬಂದು ನೋಡಿದರೆ ಡಬ್ಬಿಯೊಳಗೆ ಏನೂ ಇಲ್ಲ. ಗುಡಿಸಿಟ್ಟ ಅಂಗಳದ ಹಾಗಿದೆ. ಮತ್ತೆ ತೆಗೆದಳು, ಮುಚ್ಚಿದಳು, ತೆಗೆದಳು. ಮೈದುನನಿಗೆ ಫೋನು ಮಾಡಿದಳು.

ಅವನು ಬಂದ. ಕುರ್ಚಿಯಲ್ಲಿ ಕೂತು, ಅಲ್ಲಿ ಇಲ್ಲಿ ಒತ್ತಿ ನೋಡಿದ. ತಿರುಗದೇ ಕೇಳಿದ: "ಏನು ಒತ್ತಿದ್ರಿ ಅತ್ತಿಗೆ?"

"ಒಂದೇ ಒಂದು ತುಂಡು ತೆಗೆದೆ ಕಣೋ. ಗುಂಯ್ ಅನ್ನೋದು."

"ಹಾಂ. ಅದನ್ನ ತೆಗೆಯೋವಾಗ ಎಲ್ಲದರ ಮೇಲೂ ಕೈ ಬಿದ್ದಿರಬೇಕು."

"ನಿನ್ನ ಮನೇಲಿದೆಯಲ್ಲ? ಅಲ್ಲಿ ನೋಡೋ."

"ಅಲ್ಲೂ ಹೋಗಿದೆ. ಕನ್ನಡಿ ಅಂದಿರಲಿಲ್ವಾ? ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸುತ್ತೆ."

ಅವಳು ಮಂಚದ ಅಂಚಿಗೆ ಕೂತಳು. ಹೇಗಾದರೂ ತಿರುಗಿ ತರುವ ದಾರಿ ಇಲ್ಲವೇ ಅಂದಳು. ಮೈದುನ ತಲೆ ಆಡಿಸಿದ. "ಬೇಜಾರು ಮಾಡ್ಕೋಬೇಡಿ. ನಿಮ್ಮ ವಯಸ್ಸಿಗೆ ಇಷ್ಟು ಮಾಡಿದ್ದೇ ದೊಡ್ಡದು." ಮಾರನೇ ದಿನವೇ ಬಂದು ಅವಳ ಡಬ್ಬಿಯ ತುಂಬ ಪೇಟೆಯ ಹಾಡುಗಳನ್ನು ತುಂಬಿಕೊಟ್ಟ. ಸಿನಿಮಾದ್ದು, ಹೊಸದು, ಹಳೆಯದು, ಯಾವ ಭಾಷೆಯೋ ಏನೋ, ಕಂಠಮಟ್ಟ. "ಖಾಲಿ ಇದ್ರೆ ನಿಮಗೆ ಸಂಕಟ ಆಗುತ್ತೆ. ಇದನ್ನ ಕೇಳ್ಕೊಂಡಿರಿ," ಅಂದ. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡಳು ಅವಳು. ಅಣ್ಣನ ಗಳಿಕೆಯನ್ನೆಲ್ಲ ನಾನು ಹೊಳೆಗೆ ಹಾಕಿದರೂ ಒಂದು ಬಿರುಸು ಮಾತಾಡಲಿಲ್ಲವಲ್ಲ.

ಮನೆಮನೆಗೆ ಅವಳೇ ಹೋದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಅಂತ. ಟೀ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕೈ ಮುಗಿದಳು. "ನಿಮ್ಮಮ್ಮನ್ನ ನಾನು ಅಳಿಸಿಬಿಟ್ಟೆ ಕಣಪ್ಪ. ನನ್ನ ಕೈ ಸುಡಲಿ." ಅವನು, "ಹೋಗ್ಲಿ ಬಿಡಿ ಅಮ್ಮ," ಅಂದು ಹಾಲಿನ ಪಾತ್ರೆಯ ಕಡೆ ತಿರುಗಿದ. ಮತ್ತೆ ಟೀ ತರಲಿಲ್ಲ. ಕೋಪದಿಂದಲ್ಲ, ಬರಲು ಕಾರಣವೇ ಉಳಿಯಲಿಲ್ಲ. ಜನ ಕೊಟ್ಟಿದ್ದ ಟೇಪುಗಳಲ್ಲಿ ಮುಟ್ಟದೇ ಉಳಿದಿದ್ದನ್ನು ಅವರವರ ಮನೆಗೆ ತಲುಪಿಸಿ, ಕಂಪ್ಯೂಟರಿನ ಮೇಲೆ ಹಳೇ ಹೊದಿಕೆ ಹಾಕಿದಳು.

ಅಲ್ಲಿಂದ ಅವಳಿಗೆ ತನ್ನ ಕೈಯ ಮೇಲೆ ಅನುಮಾನ ಹತ್ತಿತು. ಗ್ಯಾಸ್ ಆರಿಸಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ನೋಡುವಳು. ಬೀಗ ಹಾಕಿ ಮೆಟ್ಟಿಲಿಳಿದವಳು ಹತ್ತಿ ಬಂದು ಜಗ್ಗಿ ನೋಡುವಳು. ಹಾಕಿದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕುವಳು. "ಏನಮ್ಮ, ಒಂದು ಅಂಗಿಗೆ ಎರಡು ದಿನ?" ಅಂದ ದರ್ಜಿ. ಮೈದುನನ ಮನೆಗೆ ಹೋದರೆ ಪುಟ್ಟಿ, "ದೊಡ್ಡಮ್ಮ, ರಿಮೋಟ್ ಮುಟ್ಬೇಡಿ, ಟಿವಿನೂ ಅಳಿಸಿ ಹೋಗುತ್ತೆ!" ಅನ್ನುವಳು. ಹುಡುಗಾಟದ ಮಾತು, ಎಲ್ಲರೂ ನಗುವರು. ಟೇಪಮ್ಮನೂ ನಗುವಳು. ಮೈದುನನೂ ನಗುತ್ತಿದ್ದ.

ವರ್ಷದ ಮೇಲಾಯಿತು. ಒಂದು ಭಾನುವಾರ ಮೈದುನ ಯಾವುದೋ ಮದುವೆಗೆ ಕ್ಯಾಮೆರಾ ಹೊತ್ತು ಹೋಗಿದ್ದ. ಟೇಪಮ್ಮ ಅವನ ಮನೆಯಲ್ಲಿ ವಾರಗಿತ್ತಿಯ ಜೊತೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಮೈದುನನ ಹೆಂಡತಿ ಬಾಯಿ ಬಡಕಿ, ಆದರೆ ಕಪಟ ಇಲ್ಲದವಳು. ಹಾಸಿಗೆ ಹೊದಿಕೆಯ ಎರಡು ತುದಿ ಇವಳಿಗೆ ಕೊಟ್ಟು, ಎರಡು ತುದಿ ತಾನು ಹಿಡಿದು, ಕೊಡವಿ, ಮಾತಿಗೆ ಮಾತು ಬಂದು ಅಂದಳು:

"ನಿಮ್ಮಂಥ ದೊಡ್ಡ ಮನಸ್ಸು ನನಗೆ ಬರಲ್ಲ ಅಕ್ಕ. ನಾನಾಗಿದ್ರೆ ಆವತ್ತೇ ಅವರನ್ನ ಹಿಡಿದು ಜಾಡಿಸಿಬಿಡ್ತಿದ್ದೆ."

"ಯಾವತ್ತು?"

"ಅದೇ, ಮದುವೆ ವಿಡಿಯೋಗೆ ಜಾಗ ಇಲ್ಲ ಅಂತ ಭಾವನವರ ಹಾಡೆಲ್ಲ ಅಳಿಸಿಬಿಟ್ರಲ್ಲ, ಆವತ್ತು. ಇಲ್ಲಿದ್ದು ಮಾತ್ರ ಹೋಗುತ್ತೆ, ಅತ್ತಿಗೆ ಮನೇಲಿ ಹೇಗೂ ಇರುತ್ತೆ ಅಂದ್ಕೊಂಡ್ರಂತೆ. ನಿಮ್ಮ ಫೋನ್ ಬಂದಾಗ ಮುಖ ಬೂದಿ ಆಗಿಹೋಯ್ತು. ನಿಮ್ಮನೆಯಿಂದ ವಾಪಸ್ ಬಂದು ಹೇಳಿದ್ರು, ಎಲ್ಲ ಹೇಳಿಬಿಟ್ಟೆ, ಅತ್ತಿಗೆ ಕ್ಷಮಿಸಿಬಿಟ್ರು, ಒಂದು ಮಾತೂ ಅನ್ನಲಿಲ್ಲ ಅಂತ. ನನಗೇ ಕಣ್ಣಲ್ಲಿ ನೀರು ಬಂತು ಅಕ್ಕ."

ಟೇಪಮ್ಮ ಹೊದಿಕೆಯ ತುದಿ ಬಿಡಲಿಲ್ಲ. ಅಂಚಿಗೆ ಅಂಚು ಸೇರಿಸಿದಳು, ಇನ್ನೊಂದು ಮಡಿಕೆ ಮಡಚಿದಳು, ಕೈಯಿಂದ ತೀಡಿದಳು.

"ಹಾಗಂದನಾ?" ಅಂದಳು.

"ಹೂಂ ಮತ್ತೆ. ಪುಟ್ಟಿಗೆ ಇದೊಂದೂ ಗೊತ್ತಿಲ್ಲ. ಅತ್ತಿಗೇನೇ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡಿದಾರೆ, ನೀನು ಯಾರ ಹತ್ರಾನೂ ಬಾಯಿ ಬಿಡಬೇಡ ಅಂದ್ರು. ಅದಕ್ಕೇ ಅವಳು ನಿಮ್ಮನ್ನ ರೇಗಿಸ್ತಾಳೆ. ನನಗೆ ಕೇಳೋಕಾಗಲ್ಲ ಅಕ್ಕ, ಆದರೆ ಏನು ಮಾಡ್ಲಿ?"

ಟೇಪಮ್ಮ ಉಳಿದ ಬಟ್ಟೆಯನ್ನೂ ಮಡಚಿ ಮುಗಿಸಿಯೇ ಎದ್ದಳು. ದಾರಿಯಲ್ಲಿ ಬರುವಾಗ ಒಂದೇ ವಿಚಾರ. ಅವನು ಅಳಿಸಿದ, ಸರಿ. ಹೇಳಲಿಲ್ಲ, ಹೆದರಿದ್ದಾನು. ಆದರೆ ನಾನು ಕೊಡದ ಕ್ಷಮೆಯನ್ನು ಕೊಟ್ಟೆ ಅಂತ ಮನೆಗೆ ಒಯ್ದನಲ್ಲ? ನನ್ನ ಮನೆಯಿಂದ ನನಗೇ ಗೊತ್ತಿಲ್ಲದೆ ಅದನ್ನೂ ಎತ್ತಿಕೊಂಡು ಹೋದನಲ್ಲ?

ಆದರೂ ಮನುಷ್ಯನ ಆಸೆ ನೋಡಿ. ಮರುದಿನ ಅವಳು ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದಳು. ತಪ್ಪು ಒಪ್ಪು ಆಮೇಲೆ, ಹಾಡು ಸಿಕ್ಕರೆ ಸಾಕು. ರಿಪೇರಿಯವನು ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ಬಹಳ ಹೊತ್ತು ನೋಡಿದ.

"ಅಳಿಸಿದ್ದು ಅಂದ್ರೆ ಒಮ್ಮೆಲೇ ಮಾಯ ಆಗಲ್ಲಮ್ಮ," ಅಂದ. "ಒರೆಸಿದ ಸ್ಲೇಟಿನ ಹಾಗೆ ಒಳಗೆ ಗುರುತು ಉಳಿದಿರುತ್ತೆ. ಅದರ ಮೇಲೆ ಹೊಸದು ಏನೂ ಬರೀದಿದ್ರೆ ಎತ್ತಿ ತರಬಹುದು. ನಿಮ್ಮದು ಬರ್ತಿತ್ತು. ಆದರೆ ಯಾರೋ ಇದರ ಮೇಲೆ ಕಂಠಮಟ್ಟ ಸಿನಿಮಾ ಹಾಡು ತುಂಬಿದಾರೆ. ಅಳಿಸಿದ ಮಾರನೇ ದಿನವೇ."

"ಪೂರ್ತಿ ಹೋಯ್ತಾ?"

"ಪೂರ್ತಿ. ಇದೊಂದು ಮಾಡದೇ ಇದ್ದಿದ್ರೆ… ಯಾರಮ್ಮ ತುಂಬಿದ್ದು?"

ಅವಳು ಹೇಳಿದಳು. ರಿಪೇರಿಯವನು ಕನ್ನಡಕ ಕೆಳಗಿಳಿಸಿ ಅವಳ ಮುಖ ನೋಡಿದ.

"ವಿಡಿಯೋದವರಾ? ಇರಲಿಕ್ಕಿಲ್ಲಮ್ಮ. ಅವರ ಗಿರಾಕಿಗಳ ಕ್ಯಾಮೆರಾ ಕಾರ್ಡು ಅಳಿಸಿ ಹೋದ್ರೆ ಅವರೇ ನನ್ನ ಹತ್ರ ತರ್ತಾರೆ. ಇದರ ಮೇಲೆ ಒಂದು ಫೋಟೋನೂ ಬೀಳಬಾರದು ಅಂತ ನನಗೇ ಪಾಠ ಹೇಳ್ತಾರೆ. ಅವರಿಗೆ ಗೊತ್ತಿಲ್ಲದ್ದಾ?"

ಅವಳು ಡಬ್ಬಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದಳು. ಬಹಳ ದಿನದ ಮೇಲೆ ತನ್ನ ಬೆರಳುಗಳು ತನ್ನ ಮಾತು ಕೇಳುತ್ತಿವೆ ಅನ್ನಿಸಿತು, ಆದರೆ ಆ ಸುಖವನ್ನು ಅನುಭವಿಸಲು ಒಳಗೆ ಜಾಗ ಇರಲಿಲ್ಲ.

ನೇರ ಮೈದುನನ ಮನೆಗೆ ಹೋದಳು. ಮೂವರೂ ಇದ್ದರು. ಮೈದುನ ಬಾಗಿಲ ಪಕ್ಕದ ತನ್ನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮದುವೆಯೊಂದನ್ನು ಕತ್ತರಿಸಿ ಜೋಡಿಸುತ್ತಿದ್ದ. ಅವಳು ಮೇಜಿನ ಮೇಲೆ ಡಬ್ಬಿ ಇಟ್ಟಳು.

"ಬನ್ನಿ ಅತ್ತಿಗೆ. ಏನಿದು? ಮತ್ತೆ ಶುರು ಮಾಡ್ತೀರಾ?" ಅಂತ ನಕ್ಕ.

"ಒಂದು ಕೇಳ್ತೀನಿ, ಹೇಳು. ಹಾಡು ಅಳಿಸಿದ್ದು ನೀನು ಅಂತ ನಿನ್ನೆ ಗೊತ್ತಾಯ್ತು. ಅದಕ್ಕೆ ನಾನು ಬಂದಿಲ್ಲ. ಕೈ ಅಂದ್ಮೇಲೆ ತಪ್ಪುತ್ತೆ. ನನ್ನ ಡಬ್ಬಿಗೆ ಆ ಸಿನಿಮಾ ಹಾಡು ಯಾಕೆ ತುಂಬಿದೆ?"

ಅವನು ಹೆಡ್‌ಫೋನು ತೆಗೆದ. ಬಾಗಿಲಲ್ಲಿ ಬಂದು ನಿಂತಿದ್ದ ಹೆಂಡತಿಯ ಮುಖ ನೋಡಿದ. ಅವಳ ಬಾಯಿ ತೆರೆದಂತೆಯೇ ಇತ್ತು.

"ನಿಮಗೆ ಸಮಾಧಾನ ಆಗ್ಲಿ ಅಂತ, ಅತ್ತಿಗೆ."

"ರಿಪೇರಿಯವರ ಹತ್ರ ಹೋಗಿ ಬಂದೆ."

ಪರದೆಯ ಮೇಲೆ ಯಾರೋ ಮದುಮಗಳು ಅರ್ಧ ನಗೆಯಲ್ಲಿ ನಿಂತುಬಿಟ್ಟಿದ್ದಳು.

"ಚಿಕ್ಕವನಿದ್ದಾಗ ಗಾಜಿನ ಲೋಟ ಒಡೆದು ಚೂರನ್ನ ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟಿದ್ದೆ, ಜ್ಞಾಪಕ ಇದೆಯಾ?" ಅಂದಳು ಟೇಪಮ್ಮ. "ಆಗ ನಿನಗೆ ಬುದ್ಧಿ ಇರಲಿಲ್ಲ, ಅಕ್ಕಿ ತಿನ್ನೋರ ಹೊಟ್ಟೆಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತಿತ್ತಲ್ಲೋ?"

"ಹೆದರಿಕೆ ಆಯ್ತು," ಅಂದ ಅವನು ಕೊನೆಗೆ. "ನೀವು ಸುಮ್ನಿರೋರಲ್ಲ. ಡಬ್ಬಿ ತಗೊಂಡು ಯಾರ ಹತ್ರಾನಾದ್ರೂ ಹೋಗ್ತೀರಿ. ಅವರು ನೋಡಿದ್ರೆ ಯಾವ ಮನೆಯಿಂದ ಅಳಿಸಿದ್ದು ಅಂತ ಹೇಳಿಬಿಡ್ತಾರೆ. ಆ ಕ್ಷಣ ತಲೆ ಓಡಲಿಲ್ಲ ಅತ್ತಿಗೆ…"

"ಚೆನ್ನಾಗೇ ಓಡಿದೆ."

ಹೆಂಡತಿ ಮುಂದೆ ಬಂದಳು. "ಎಲ್ಲ ಹೇಳಿದೀನಿ ಅಂದ್ರಿ ನನಗೆ! ಅಕ್ಕ ಕ್ಷಮಿಸಿದ್ರು ಅಂದ್ರಿ!" ಅಂದಳು. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು. ಗಂಡನೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ಹೊತ್ತು ಬೈಯುತ್ತಿದ್ದ ಹೆಂಡತಿ ಅವನ ಭುಜದ ಮೇಲೆ ಕೈಯಿಟ್ಟಳು. ಪುಟ್ಟಿ ಓಡಿಹೋಗಿ ನೀರು ತಂದಳು, ಅಪ್ಪನಿಗೆ.

"ಅಕ್ಕ, ತಪ್ಪು ಮಾಡಿದಾರೆ, ನಿಜ," ಅಂದಳು ವಾರಗಿತ್ತಿ. "ಆದರೆ ಒಳಗೊಳಗೇ ಎಷ್ಟು ಕೊರಗಿದಾರೋ. ಆವತ್ತಿಂದ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ."

ಟೇಪಮ್ಮ ನೋಡುತ್ತ ನಿಂತಳು. ಕಳೆದುಕೊಂಡವಳು ತಾನು, ನೀರು ಹೋದದ್ದು ಅವನ ಕೈಗೆ.

"ಅಳು ನಿಲ್ಲಿಸು," ಅಂದಳು ಅವಳು, ಚಿಕ್ಕಂದಿನಲ್ಲಿ ಹೇಳುತ್ತಿದ್ದ ದನಿಯಲ್ಲಿಯೇ. "ನಾನು ಯಾರ್ಯಾರ ಮುಂದೆ ಕೈ ಮುಗಿದೆನೋ ಅವರ ಮುಂದೆಲ್ಲ ನೀನು ಹೋಗಿ ಹೇಳು, ನಮ್ಮತ್ತಿಗೆ ಅಳಿಸಿದ್ದಲ್ಲ, ನಾನು ಅಂತ. ನನಗೆ ಬೇರೇನೂ ಬೇಡ."

ಅವನು ಮುಖದಿಂದ ಕೈ ತೆಗೆದ. "ಬೀದಿಯವರ ಮುಂದಾ? ನನ್ನ ಕಸುಬೇ ಹೋಗುತ್ತೆ ಅತ್ತಿಗೆ. ಆಮೇಲೆ ಯಾರು ತಮ್ಮ ಮದುವೆ ನನ್ನ ಕೈಗೆ ಕೊಡ್ತಾರೆ?"

"ನನ್ನ ಕೈಗೂ ಕೊಟ್ಟಿದ್ರು ಕಣೋ, ಜನ."

"ನಿಮ್ಮದು ಹೊಟ್ಟೆಪಾಡಲ್ಲ. ನಮ್ಮದು ಹೊಟ್ಟೆಪಾಡು. ಪುಟ್ಟಿ ಓದಬೇಕು. ಮನೆಯೊಳಗಿನ ಮಾತು ಮನೆಯೊಳಗೇ ಇರಲಿ. ನಿಮಗೆ ಹೊಸ ಕಂಪ್ಯೂಟರ್ ಕೊಡಿಸ್ತೀನಿ, ದೊಡ್ಡ ಡಬ್ಬಿ ಕೊಡಿಸ್ತೀನಿ, ಏನು ಬೇಕು ಹೇಳಿ."

ಇಷ್ಟು ಹೊತ್ತು ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಚಡ್ಡಿ ಹಾಕಿದ ಆ ಹುಡುಗ ಇನ್ನೂ ನಿಂತಿದ್ದ. ಆ ಮಾತಿಗೆ ಅವನು ಅಲ್ಲಿಂದ ಹೊರಟುಹೋದ. ಕುರ್ಚಿಯಲ್ಲಿ ಕೂತವನು ಯಾರೋ ವಿಡಿಯೋ ತೆಗೆಯುವ ಗಂಡಸು. ಅವಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಡಬ್ಬಿ ಅಲ್ಲೇ ಇತ್ತು, ತೆಗೆದುಕೊಳ್ಳಲಿಲ್ಲ.

ಬೀದಿಯ ತಿರುವಿನಲ್ಲಿ ಪುಟ್ಟಿ ಓಡಿಬಂದು ಸೇರಿದಳು. ಏದುಸಿರು.

"ದೊಡ್ಡಮ್ಮ, ಅಪ್ಪ ಇನ್ನೂ ಅಳ್ತಿದಾರೆ. ನಾನು ನಿಮ್ಮನ್ನ ಎಷ್ಟು ರೇಗಿಸಿದೆ, ನನಗೆ ಗೊತ್ತಿರಲಿಲ್ಲ, ನನ್ನ ಕೆನ್ನೆಗೆ ಹೊಡೀರಿ. ಆದರೆ ಅಪ್ಪಂಗೆ ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡಿ ದೊಡ್ಡಮ್ಮ. ಒಂದೇ ಮಾತು."

ಟೇಪಮ್ಮ ಹುಡುಗಿಯ ಕೆನ್ನೆಗೆ ಅಂಟಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಆ ಮಾತನ್ನ ನಿಮ್ಮಪ್ಪ ನನ್ನನ್ನ ಕೇಳದೇ ಆಗಲೇ ತಗೊಂಡು ಹೋಗಿದಾನಲ್ಲ ಪುಟ್ಟಿ. ಇನ್ನೊಂದು ಎಲ್ಲಿಂದ ತರ್ಲಿ?"

"ಎಲ್ಲಿಗೆ ಹೋಗ್ತಿದೀರ ಈಗ?"

"ನೀನು ಮನೆಗೆ ಹೋಗು. ನಿಮ್ಮಮ್ಮ ಒಬ್ಬಳೇ ಅವನ ಹತ್ರ ಇದಾಳೆ."

ಟೀ ಅಂಗಡಿಯಲ್ಲಿ ಸಂಜೆಯ ಗಿರಾಕಿಗಳು ಬೆಂಚು ತುಂಬ ಕೂತಿದ್ದರು. ಎಲ್ಲ ಗೊತ್ತಿದ್ದ ಮುಖಗಳೇ. ಅವಳು ಹಾಲಿನ ಪಾತ್ರೆಯ ಎದುರಿಗೆ ಹೋಗಿ ನಿಂತಳು. ಟೀ ಅಂಗಡಿಯವನು ಸೋಸುತ್ತಿದ್ದವನು ತಲೆಯೆತ್ತಿದ.

"ಕೂತ್ಕೊಳಿ ಅಮ್ಮ. ಅಪರೂಪ."

"ಕೂರಲ್ಲ. ನಿಮ್ಮಮ್ಮನ ಹಾಡು ಅಳಿಸಿದ್ದು ನಾನಲ್ಲ ಕಣಪ್ಪ. ಆವತ್ತು ನಾನು ಹೇಳಿದ್ದು ಸುಳ್ಳಾಯ್ತು. ಅದು ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ."

ಅವನು ಜರಡಿಯನ್ನು ಕೆಳಗಿಟ್ಟ. ಬೆಂಚಿನ ಮೇಲಿದ್ದವರು ಇತ್ತ ತಿರುಗಿದರು.

"ಮತ್ತೆ ಯಾರಮ್ಮ?"

ತಲೆ ತೊಳೆಸಿಕೊಂಡು, ಸೋಪು ಕಣ್ಣಿಗೆ ಹೋಯಿತೆಂದು ಅವಳ ಸೊಂಟ ತಬ್ಬಿ ಕಿರುಚುತ್ತಿದ್ದವನ ಹೆಸರು ನಾಲಿಗೆಯ ತುದಿಗೆ ಬಂದು ಒಂದು ಗಳಿಗೆ ನಿಂತಿತು. ಆ ಹೆಸರು ಈ ಬೆಂಚಿನಿಂದ ಎಲ್ಲೆಲ್ಲಿಗೆ ಹೋಗುತ್ತದೆ, ನಾಳೆ ಯಾರ್ಯಾರು ಅವನಿಗೆ ಕೊಟ್ಟ ಕೆಲಸ ವಾಪಸ್ಸು ಕೇಳುತ್ತಾರೆ, ಪುಟ್ಟಿಯ ಮುಖ ಹೇಗಾಗುತ್ತದೆ, ಎಲ್ಲ ಅವಳಿಗೆ ಕಂಡಿತು.

"ನನ್ನ ಮೈದುನ," ಅಂದಳು. "ಅಳಿಸಿದ್ದೂ ಅವನೇ, ತಿರುಗಿ ಬರದ ಹಾಗೆ ಮುಚ್ಚಿದ್ದೂ ಅವನೇ."

ಹೇಳಿದವಳೇ ಮುಂದಿನ ಮನೆಯ ಕಡೆ ನಡೆದಳು. ಇನ್ನೂ ಹೇಳಬೇಕಾದವರು ಬಹಳ ಜನ ಇದ್ದರು.